ಕಲಬುರಗಿ: ಇಸಾರ ಕೊಟ್ಟಾಗ್ಯದ, ಮನಿ ಮಾಲಕರು ರಜಿಸ್ಟ್ರಿ ಮುಂದ ದೂಡ್ಲಿಕತ್ತಾರ

ಸೇಡಂ_ರಸ್ತೆ:
ಎಲ್ಲರಿಗೂ ನಮಸ್ಕಾರ. ಸೇಡಂ ರಸ್ತೆಯಿಂದ ಒಳಗ, ರಿಂಗ್ ರೋಡ್ ಹತ್ರ ಒಂದು ಹಳೇ ಮನಿ ನೋಡೀವಿ. ಎರಡು ಬೆಡ್‌ರೂಮು, ಫರ್ಶಿ ನೆಲ, ಮುಂದ ಬೇವಿನ ಗಿಡ. 46 ಲಕ್ಷಕ್ಕ ಮಾತು ಮುಗದದ. 5 ಲಕ್ಷ ಇಸಾರ (ಮುಂಗಡ) ಚೆಕ್ಕಿನಾಗ ಕೊಟ್ಟು, ಬಾಂಡ್ ಪೇಪರ್ ಮ್ಯಾಲ ಕರಾರು ಮಾಡಿಕೊಂಡೀವಿ. ಅದರಾಗ ರಜಿಸ್ಟ್ರಿಗೆ ಬರದ ತಾರೀಕು ದಾಟಿ ಹೋಗ್ಯದ.

ಮೊದಲ ಆಷಾಢ ಅಂದ್ರು. ಸರಿ, ನಮ್ಮನ್ಯಾಗ ಹಿರ್ಯಾರೂ ಅದನ್ನೇ ಹೇಳಿದ್ರು, ತಡದ್ವಿ. ಶ್ರಾವಣ ಬಂತು, ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಆಗಿಲ್ಲ ಅಂದ್ರು. ಈಗ ಪುಣೆದಾಗಿರೋ ತಂಗಿ ಬಂದು ಸಹಿ ಹಾಕಬೇಕು, ದಸರಾಕ್ಕ ಬರ್ತಾಳ ಅಂತಾರ. ಫೋನ್ ಎತ್ತತಾರ, ಮನಿಗೆ ಹೋದ್ರ ಚಹಾ ಕುಡಿಸಿ ಕಳಸ್ತಾರ, ಮಾತಿನಾಗ ಒಂದಿಷ್ಟೂ ಬಿರುಸಿಲ್ಲ. ಆದ್ರ ತಾರೀಕು ಮಾತ್ರ ಹೇಳಂಗಿಲ್ಲ.

ನಮ್ಮ ಬ್ಯಾಂಕ್ ಸಾಲ ಮಂಜೂರಾಗ್ಯದ, ಅದರ ಅವಧಿ ಮುಗಿಲಿಕ್ಕ ಬಂದದ. ಈಗಿರೋ ಬಾಡಿಗಿ ಮನಿ ಮಾಲಕರು ದೀಪಾವಳಿ ಒಳಗ ಖಾಲಿ ಮಾಡ್ರಿ ಅಂದಾರ. ಮಕ್ಕಳ ಸಾಲಿ ಹತ್ರ ಅಂತೇ ಈ ಮನಿ ಹಿಡದದ್ದು, ಬಿಡಲಿಕ್ಕ ಮನಸ್ಸಿಲ್ಲ. ವಕೀಲರ ನೋಟಿಸ್ ಕೊಟ್ರ ಮನಸ್ಸು ಕೆಟ್ಟು, ಕೊಡೋದೇ ಇಲ್ಲ ಅಂದುಬಿಟ್ರ ಏನು ಮಾಡೂದು ಅನ್ನೋ ಅಂಜಿಕಿ. ಕಾಯೂದಾ, ನೋಟಿಸ್ ಕೊಡೂದಾ, ರೊಕ್ಕ ವಾಪಸ್ ತೊಗೊಳ್ಳೂದಾ? ತಿಳದವರು ಹೇಳ್ರಿ.

ತೊಗರಿ_ಕಣಜ:
ಕಾರಣ ಮತ್ತ ಮತ್ತ ಬದಲಾಗ್ಲಿಕತ್ತದ ಅಂದ್ರ, ಹೇಳದೇ ಇಟ್ಟದ್ದು ಇನ್ನೊಂದು ಇರ್ತದ. ಮೊದಲ ಅದನ್ನ ಹುಡುಕ್ರಿ, ನೋಟಿಸ್ ಮಾತು ಆಮ್ಯಾಲ.

ಇವತ್ತೇ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ದಾಗ ಋಣಭಾರ ಪತ್ರಕ್ಕ (ಇ.ಸಿ., ಆಸ್ತಿ ಮ್ಯಾಲ ನೋಂದಣಿ ಆದ ಸಾಲ, ಮಾರಾಟ ತೋರಿಸೋ ಕಾಗದ) ಅರ್ಜಿ ಹಾಕ್ರಿ. ಇಸಾರದ ಮುಂಚೆ ಅವರು ತೋರಿಸಿದ ಪ್ರತಿ ನಡ್ಯಂಗಿಲ್ಲ, ನೀವೇ ತೆಗಸಬೇಕು, ಈ ತಾರೀಕಿನ ತನಕದ್ದು ಬೇಕು. ಹಿಂದಿನ ವರ್ಷಗಳೂ ಎಷ್ಟು ಸಿಗ್ತಾವೋ ಅಷ್ಟು ತೊಗೊಳ್ರಿ. 16ನೇ ನಮೂನಿ ಬಂದ್ರ ಆ ಅವಧಿದಾಗ ನೋಂದಣಿ ಆದ ವ್ಯವಹಾರ ಯಾವುದೂ ಇಲ್ಲ ಅಂತ. 15 ಬಂದ್ರ ಒಂದೊಂದು ಸಾಲೂ ಕೂತು ಓದ್ರಿ, ಯಾರು ಯಾರಿಗೆ ಏನು ಬರಕೊಟ್ಟಾರ ಅಂತ.

ಎರಡನೇದು, ಓಣ್ಯಾಗ ವಿಚಾರ ಮಾಡ್ರಿ. ಮತ್ಯಾರರೆ ಮನಿ ನೋಡಿ ಹೋಗ್ಯಾರೇನು, ಹೆಚ್ಚಿನ ರೇಟು ಹೇಳ್ಯಾರೇನು. ದಲ್ಲಾಳಿ ಹೇಳೋದ್ಕಿಂತ ಬಾಜು ಮನಿಯವರು ಹೇಳೋದು ಖರೆ ಇರ್ತದ.

ಬೀದರ್_ನೌಬಾದ್:
ಕಾಯೂದ್ರಾಗನೂ ರೊಕ್ಕ ಹೋಗ್ತದ, ಅದನ್ನ ಲೆಕ್ಕಕ್ಕ ಹಿಡೀರಿ. ನಮ್ಮ ಅಣ್ಣನ ಪ್ಲಾಟಿನ ರಜಿಸ್ಟ್ರಿ 2025ರ ಆಗಸ್ಟಿನಾಗ ಆಗಬೇಕಿತ್ತು. ಮಾರುವವರು ಇವತ್ತು ನಾಳಿ ಅನ್ಕೋತ ಸೆಪ್ಟೆಂಬರಿಗೆ ಒಯ್ದ್ರು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆತು. ನಿಮ್ಮ 46 ಲಕ್ಷಕ್ಕ ಲೆಕ್ಕ ಹಾಕಿದ್ರ ಅಷ್ಟರಾಗೇ 46 ಸಾವಿರ ಫರಕು. 2023ರ ಅಕ್ಟೋಬರ್ 1ಕ್ಕ ಮಾರ್ಗಸೂಚಿ ದರ (ನೋಂದಣಿಗೆ ಸರ್ಕಾರ ಗೊತ್ತು ಮಾಡೋ ಕನಿಷ್ಠ ಬೆಲೆ) ಏರಿಸಿದಾಗನೂ ತಡ ಆದವರೆಲ್ಲ ಹಿಂಗೇ ಹೆಚ್ಚಿಗಿ ಕಟ್ಟಿದ್ರು.

"ಮಾರುವವರ ಕಡಿಂದ ತಡ ಆದ್ರ ಏರಿದ ಶುಲ್ಕ ಅವರೇ ಕೊಡತಕ್ಕದ್ದು" ಅಂತ ಕರಾರಿನಾಗ ಒಂದು ಸಾಲು ಇದ್ರ ಕೇಳಲಿಕ್ಕ ಬರ್ತದ. ಇಲ್ಲಂದ್ರ ಕೊಳ್ಳುವವನ ಕಿಸೆಗೇ ಬರ್ತದ.

ಕೋರ್ಟ್_ರಸ್ತೆ:
ಕಲಬುರಗಿಯಲ್ಲಿ ಸಿವಿಲ್ ಪ್ರಕರಣಗಳನ್ನು ನಡೆಸುತ್ತೇನೆ. ನಿಮ್ಮ ಕರಾರು ನೋಡದೆ ಕೊನೆಯ ಮಾತು ಹೇಳಲಾರೆ. ಆದರೂ ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಹೇಳಬಹುದು.

ತಾರೀಕು ದಾಟಿತು ಎಂದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಸ್ಥಿರಾಸ್ತಿ ಮಾರಾಟದಲ್ಲಿ ಅವಧಿಯೇ ಕರಾರಿನ ಜೀವಾಳ ಎಂದು ಮೊದಲೇ ಊಹಿಸಿಕೊಳ್ಳುವಂತಿಲ್ಲ, ಕರಾರಿನ ಮಾತುಗಳಿಂದ ಅದು ಸ್ಪಷ್ಟವಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಚಾಂದ್ ರಾಣಿ ಪ್ರಕರಣದಲ್ಲಿ ಹೇಳಿದೆ. ಇದು ನಿಮಗೆ ಧೈರ್ಯ ಕೊಡುವ ಮಾತು. ಆದರೆ ಇದನ್ನೇ ನಂಬಿ ಸುಮ್ಮನೆ ಕೂತವರು ಸೋತದ್ದೂ ಉಂಟು. ಬೆಲೆ ಏರುತ್ತಿರುವ ಊರಿನಲ್ಲಿ ಕೊಳ್ಳುವವನು ವರ್ಷಗಟ್ಟಲೆ ಮಾತಾಡದೆ ಇದ್ದು, ಆಮೇಲೆ ಹಳೆಯ ಬೆಲೆಗೆ ಮನೆ ಕೇಳಿದರೆ ನ್ಯಾಯಾಲಯ ಒಪ್ಪುವುದು ಕಷ್ಟ.

ನಿರ್ದಿಷ್ಟ ಪರಿಹಾರ ಕಾಯ್ದೆ, 1963ಕ್ಕೆ 2018ರಲ್ಲಿ ತಿದ್ದುಪಡಿ ಬಂತು. ಅದಕ್ಕೂ ಮೊದಲು ಕರಾರನ್ನು ಜಾರಿ ಮಾಡಿಸುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಾಗಿತ್ತು. ಈಗ ಕರಾರು ಸರಿ ಇದ್ದು, ಕೊಳ್ಳುವವನು ತನ್ನ ಪಾಲಿನದು ಮಾಡಿದ್ದರೆ ಜಾರಿ ಆದೇಶ ಸಿಗುವ ದಾರಿ ಮೊದಲಿಗಿಂತ ಗಟ್ಟಿಯಾಗಿದೆ. ಆದರೆ 16ನೇ ಕಲಮಿನ ಶರತ್ತು ಹಾಗೇ ಇದೆ: ಮೊದಲ ದಿನದಿಂದ ಕೊನೆಯವರೆಗೂ ನೀವು ಸಿದ್ಧರಿದ್ದಿರಿ, ಮನಸ್ಸೂ ಇತ್ತು, ಹಣವೂ ಇತ್ತು ಎಂದು ಸಾಬೀತು ಮಾಡಬೇಕು. ಹೆಚ್ಚಿನ ದಾವೆಗಳು ಬೀಳುವುದು ಇಲ್ಲಿಯೇ. ಮಾರುವವರು ಎಷ್ಟೇ ಸತಾಯಿಸಿರಲಿ, ನಿಮ್ಮ ಹತ್ತಿರ ಬಾಕಿ ಹಣ ಇತ್ತು ಎಂಬುದಕ್ಕೆ ಕಾಗದ ಇಲ್ಲದಿದ್ದರೆ ನಿಮ್ಮ ಸತ್ಯಕ್ಕೆ ಬಲ ಬರುವುದಿಲ್ಲ. ಸಾಲ ಮಂಜೂರಾತಿ ಪತ್ರ, ನಿಮ್ಮ ಪಾಲಿನ ಹಣ ಇರುವ ಖಾತೆಯ ವಿವರ, ಅವರಿಗೆ ಕಳಿಸಿದ ಪ್ರತಿ ಸಂದೇಶ, ಎಲ್ಲವನ್ನೂ ಇಟ್ಟುಕೊಳ್ಳಿ. ದಾವೆಗೆ ಇರುವ ಅವಧಿ ಮೂರು ವರ್ಷ. ಕರಾರಿನಲ್ಲಿ ತಾರೀಕು ಇದ್ದರೆ ಆ ತಾರೀಕಿನಿಂದಲೇ ಎಣಿಕೆ ಶುರು.

ಇನ್ನು ನೋಟಿಸ್ ವಿಚಾರ. ಮೊದಲು ನೀವೇ ಒಂದು ಕಾಗದ ಬರೆಯಿರಿ, ಮರ್ಯಾದೆಯಿಂದ:

"ತಮ್ಮೊಡನೆ ಆದ ಕರಾರಿನಂತೆ ಬಾಕಿ 41 ಲಕ್ಷ ರೂಪಾಯಿ ಕೊಟ್ಟು ಖರೀದಿ ಪತ್ರ ಮಾಡಿಸಿಕೊಳ್ಳಲು ನಾವು ಅಂದಿನಿಂದ ಇಂದಿನವರೆಗೂ ತಯಾರಿದ್ದೇವೆ. ಬ್ಯಾಂಕಿನ ಮಂಜೂರಾತಿ ಪತ್ರದ ಪ್ರತಿ ಜೊತೆಗಿದೆ. ತಮ್ಮ ಕಡೆಯಿಂದ ಯಾವ ಯಾವ ಕಾಗದ ಬಾಕಿ ಇವೆ, ಪ್ರತಿಯೊಂದಕ್ಕೂ ಎಷ್ಟು ಕಾಲ ಬೇಕು ಎಂಬುದನ್ನು ದಯವಿಟ್ಟು ಬರೆದು ತಿಳಿಸಿರಿ."

ಇಷ್ಟೇ ಸಾಕು. ವಾಟ್ಸ್ಆ್ಯಪ್‌ನಲ್ಲೂ ಕಳಿಸಿ, ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಇದಕ್ಕೆ ಸಿಟ್ಟಾಗುವವರು ಮನೆ ಮಾರುವ ಮನಸ್ಸಿನಲ್ಲಿ ಇಲ್ಲ ಎಂದೇ ತಿಳಿಯಿರಿ, ಅದು ಈಗಲೇ ಗೊತ್ತಾದರೆ ಒಳ್ಳೆಯದು.

ಶಹಾಬಾದ್_ಫರ್ಶಿ:
ವಕೀಲರು ಹೇಳಿದ್ದು ಕಾಯ್ದೆ ಪ್ರಕಾರ ಸರಿ ಇರಬಹುದು. ನನ್ನ ಮಾತು ಕೇಳಿದ್ರ, ಇಸಾರ ವಾಪಸ್ ತೊಗೊಂಡು ಬ್ಯಾರೆ ಮನಿ ನೋಡ್ರಿ. ಕೋರ್ಟು ಕಚೇರಿ ಹತ್ತಿದ್ರ ಮಕ್ಕಳ ಸಾಲಿ ಮುಗದು ಕಾಲೇಜು ಮುಗೀತದ. ಊರಾಗ ಮನಿ ಏನು ಕಮ್ಮಿ ಅದಾವೇನ್ರಿ? ಜೇವರ್ಗಿ ರೋಡ್ ಕಡಿ ನೋಡ್ರಿ, ಕುಸನೂರ ರೋಡ್ ಕಡಿ ನೋಡ್ರಿ.

ಕೋರ್ಟ್_ರಸ್ತೆ:
ಶಹಾಬಾದ್ ಅವರ ಮಾತನ್ನು ತಳ್ಳಿಹಾಕುವುದಿಲ್ಲ. ದಾವೆಗೆ ಕಾಲ ಹಿಡಿಯುತ್ತದೆ, ಕೋರ್ಟ್ ಶುಲ್ಕವನ್ನೂ ಇಸಾರದ ಮೇಲಲ್ಲ, ಕರಾರಿನ ಪೂರ್ತಿ ಬೆಲೆಯ ಮೇಲೆ ಕಟ್ಟಬೇಕಾಗುತ್ತದೆ. ಆದರೆ ಇಸಾರ ವಾಪಸ್ ಕೇಳುವುದಕ್ಕೂ ಹಕ್ಕು ಗಟ್ಟಿ ಇರಬೇಕು. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಂತೆ, ತಪ್ಪು ಕೊಳ್ಳುವವನದಲ್ಲದಿದ್ದರೆ ಅವನು ಮುಂಗಡ ಕೊಟ್ಟ ಹಣಕ್ಕೆ ಆ ಆಸ್ತಿಯ ಮೇಲೆಯೇ ಮಾರುವವರ ಹಕ್ಕಿನ ಮಟ್ಟಿಗೆ ಭಾರ (ಹಣ ವಸೂಲಿಗೆ ಆಸ್ತಿಯ ಮೇಲಿನ ಹಕ್ಕು) ಇರುತ್ತದೆ. "ಬೇಡ ಬಿಡಿ" ಎಂದು ನೀವೇ ಮೊದಲು ಬಾಯಲ್ಲಿ ಆಡಿದರೆ ಅದು ಸಡಿಲವಾಗುತ್ತದೆ. ಮನೆ ಬಿಡುವ ಮಾತನ್ನು ಫೋನಿನಲ್ಲಿ, ಸಿಟ್ಟಿನಲ್ಲಿ ಆಡಬೇಡಿ. ಬಿಡುವುದೇ ಆದರೆ ರದ್ದತಿ ಪತ್ರ ಬರೆದು, ಹಣ ಖಾತೆಗೆ ಬಂದ ಮೇಲೆಯೇ ಸಹಿ ಹಾಕಿ.

ಸೇಡಂ_ರಸ್ತೆ:
ಎಲ್ಲರಿಗೂ ಧನ್ಯವಾದ. ಋಣಭಾರ ಪತ್ರ ಕೈಗೆ ಬಂತು. 15ನೇ ನಮೂನಿನೇ ಬಂದದ. 2016ರಾಗ ಅವರ ತಂದಿಯವರು ಬ್ಯಾಂಕಿಗೆ ಹಕ್ಕುಪತ್ರ ಇಟ್ಟು ಸಾಲ ತೊಗೊಂಡದ್ದು ಅದರಾಗ ಕಾಣಸ್ತದ. ಅದು ತೀರಿದ ನೋಂದಣಿ ಎಲ್ಲೂ ಇಲ್ಲ. ತಂದಿಯವರು ತೀರಿಹೋಗ್ಯಾರ. ಪಾಲಿಕೆ ಖಾತಾ ವಾರಸಾ ಪ್ರಕಾರ ಮಗನ ಹೆಸರಿಗೆ ಆಗ್ಯದ, ನಮ್ಮ ಕರಾರಿಗೆ ಮಗ ಒಬ್ಬರೇ ಸಹಿ ಹಾಕ್ಯಾರ.

ವಕೀಲರು ಬರಕೊಟ್ಟಂಗೇ ಕಾಗದ ಕಳಿಸಿದ್ದೆ. ಸಂಜಿಗೆ ಅವರೇ ಮನಿಗೆ ಬಂದ್ರು. ಸಾಲ ಇನ್ನೂ ಸ್ವಲ್ಪ ಬಾಕಿ ಅದ, ಹೇಳಿದ್ರ ನೀವು ಮನಿ ಬಿಡ್ತೀರಿ ಅಂತ ಹೇಳಲಿಲ್ಲ, ಎಲ್ಲಿಂದರೆ ಹೊಂದಿಸಿ ತೀರಿಸಿದ ಮ್ಯಾಲ ರಜಿಸ್ಟ್ರಿ ಮಾಡೂಣ ಅಂತಿದ್ದೆ ಅಂದ್ರು. ಕಣ್ಣಾಗ ನೀರು ತಂದ್ರು. ಮೋಸ ಮಾಡೋ ಮನಸ್ಸು ಅವರದ್ದಲ್ಲ ಅಂತ ನನಗ ಅನಸ್ತದ.

ಬ್ಯಾಂಕ್_ಕಿಟಕಿ:
ನಾನು ಬ್ಯಾಂಕಿನಲ್ಲಿ ಸಾಲ ವಿಭಾಗದಲ್ಲಿದ್ದೇನೆ. ಇದು ದಿನಾ ಬರುವ ಸಂಗತಿ, ಹೆದರಬೇಡಿ. ಮಾರುವವರು ಹೊರಗಿನಿಂದ ಹಣ ಹೊಂದಿಸಬೇಕಾಗಿಲ್ಲ. ಅವರ ಬ್ಯಾಂಕಿನಿಂದ ಇಂದಿಗೆ ಎಷ್ಟು ಬಾಕಿ ಎಂಬ ಪತ್ರ ತರಿಸಿ. ನಿಮ್ಮ ಬ್ಯಾಂಕು ಒಪ್ಪಿದರೆ, ಮಂಜೂರಾದ ಸಾಲದಲ್ಲಿಯೇ ಅಷ್ಟು ಮೊತ್ತವನ್ನು ನೇರವಾಗಿ ಆ ಬ್ಯಾಂಕಿಗೆ ಕಟ್ಟಿ, ಮೂಲ ಕಾಗದ ತನ್ನ ಕೈಗೆ ಬರುವ ವ್ಯವಸ್ಥೆ ಮಾಡಿಕೊಳ್ಳುತ್ತದೆ. ಉಳಿದದ್ದು ಮಾರುವವರಿಗೆ. ನೀವು ನಿಮ್ಮ ಕೈಯಿಂದ ಅವರ ಸಾಲ ತೀರಿಸಲು ನಗದು ಮಾತ್ರ ಕೊಡಬೇಡಿ.

ರಿಸರ್ವ್ ಬ್ಯಾಂಕಿನ ಆದೇಶವೊಂದನ್ನು ಎಲ್ಲರೂ ತಿಳಿದಿರಬೇಕು. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಕಾಗದ ಹಿಂದಿರುಗಿಸಬೇಕು, ನೋಂದಣಿಯಾದ ಭಾರವನ್ನೂ ತೆಗೆಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಸಾಲ ತೊಗೊಂಡವರು ತೀರಿಕೊಂಡಿದ್ದರೆ ವಾರಸುದಾರರಿಗೆ ಕಾಗದ ಕೊಡುವ ಕ್ರಮವೂ ಬ್ಯಾಂಕಿನಲ್ಲಿ ಇರಲೇಬೇಕು. ಅಲ್ಲಿಗೆ ವಾರಸುದಾರರೆಲ್ಲ ಒಟ್ಟಿಗೆ ಹೋದರೆ ಕೆಲಸ ಬೇಗ ಆಗುತ್ತದೆ.

ನಿಮ್ಮ ಮಂಜೂರಾತಿಯ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಕೊಡಿ. ಮುಗಿದ ಮೇಲೆ ಹೋದರೆ ಸಂಬಳ ಚೀಟಿಯಿಂದ ಹಿಡಿದು ಎಲ್ಲಾ ಹೊಸದಾಗಿ ಕೇಳುತ್ತಾರೆ, ಆ ದಿನದ ಬಡ್ಡಿ ದರ ಹಾಕುತ್ತಾರೆ. ಮಂಜೂರಾಗಿದೆ ಎಂದರೆ ನಿಮ್ಮ ಆದಾಯ ಒಪ್ಪಿದ್ದಾರೆ ಎಂದಷ್ಟೇ. ಆಸ್ತಿ ಕಾಗದದ ಪರಿಶೀಲನೆ ಪಾಸಾಗದೆ ಹಣ ಬಿಡುಗಡೆ ಆಗದು.

ಕೋರ್ಟ್_ರಸ್ತೆ:
ಮಗ ಒಬ್ಬರೇ ಸಹಿ ಹಾಕಿದ್ದಾರೆ ಎಂದಿರಿ. ಸಾಲಕ್ಕಿಂತ ಇದು ದೊಡ್ಡ ವಿಷಯ.

ಖಾತಾ ಎಂಬುದು ತೆರಿಗೆಯ ದಾಖಲೆ. ಅದರಿಂದ ಮಾಲಕತ್ವ ಬರುವುದಿಲ್ಲ. ತಂದೆ ಮರಣಪತ್ರ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಗಳಿಕೆಯ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತವಾಗಿದ್ದರೂ 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. ಆದ್ದರಿಂದ ತಂಗಿಯ ಸಹಿ ಬೇಕು ಎಂದು ಅವರು ಹೇಳಿದ್ದು ನೆಪವಲ್ಲ. ಅದಿಲ್ಲದೆ ನಾಳೆಯೇ ರಜಿಸ್ಟ್ರಿ ಮಾಡಿಕೊಡುತ್ತೇನೆ ಎಂದಿದ್ದರೆ ನೀವು ಬೇಡ ಎನ್ನಬೇಕಿತ್ತು. ಈಗಿನ ಕರಾರು ಮಗನ ಪಾಲಿಗಷ್ಟೇ ಹಿಡಿಯುತ್ತದೆ.

ಒಂದು ಪ್ರಶ್ನೆ. ತಾಯಿ ಇದ್ದಾರೆಯೇ?

ಸೇಡಂ_ರಸ್ತೆ:
ಇದ್ದಾರ್ರಿ. ಅದೇ ಮನ್ಯಾಗ ಒಳಗಿನ ಖೋಲ್ಯಾಗ ಹಾಸಿಗಿ ಹಿಡದಾರ. ಮಾತು ಚಂದ ಆಡ್ತಾರ, ನೆನಪು ಗಟ್ಟಿ ಅದ, ಎದ್ದು ಓಡಾಡಲಿಕ್ಕ ಆಗಂಗಿಲ್ಲ. ಅವರ ಸಹಿ ಬೇಕಂತ ಇಲ್ಲೀತನಕ ಯಾರೂ ಹೇಳೇ ಇಲ್ಲ.

ಕೋರ್ಟ್_ರಸ್ತೆ:
ಬೇಕೇ ಬೇಕು. ಆದರೆ ಅವರನ್ನು ಎತ್ತಿಕೊಂಡು ಕಚೇರಿಗೆ ಹೋಗಬೇಕಾಗಿಲ್ಲ. ನೋಂದಣಿ ಕಾಯ್ದೆ, 1908ರ 31ನೇ ಕಲಮಿನಂತೆ ವಿಶೇಷ ಕಾರಣವಿದ್ದಾಗ ಉಪ ನೋಂದಣಾಧಿಕಾರಿ ಮನೆಗೇ ಬರಬಹುದು. ವೈದ್ಯರ ಪ್ರಮಾಣಪತ್ರ ಹಚ್ಚಿ, ನಿಗದಿತ ಶುಲ್ಕ ಕಟ್ಟಿ ಮೊದಲೇ ಅರ್ಜಿ ಕೊಡಬೇಕು. ಆ ದಿನ ಹಿರಿಯರಿಗೆ ಪತ್ರವನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಿಸಿ. ಅವರು ಒಪ್ಪಿ ಹೆಬ್ಬೆಟ್ಟು ಒತ್ತಿದರೋ, ಯಾರೋ ಕೈ ಹಿಡಿದು ಒತ್ತಿಸಿದರೋ ಎಂಬ ಸಂಶಯ ಮುಂದೆ ಯಾರಿಗೂ ಬರಬಾರದು. ಈ ಮನೆ ಹೋದ ಮೇಲೆ ಅವರು ಎಲ್ಲಿರುತ್ತಾರೆ ಎಂಬುದನ್ನೂ ಮಗನಿಂದ ಕೇಳಿಕೊಳ್ಳಿ. ಕಾನೂನಿಗಾಗಿ ಅಲ್ಲ, ಕಬ್ಜಾ (ಸ್ವಾಧೀನ) ತೊಗೊಳ್ಳುವ ದಿನ ನಿಮಗೇ ಸಂಕಟ ಆಗಬಾರದು ಎಂದು ಹೇಳುತ್ತಿದ್ದೇನೆ.

ಪುಣೆಯ ತಂಗಿಗೂ ದಸರಾದವರೆಗೆ ಕಾಯಬೇಕಾಗಿಲ್ಲ. ಅವರು ತಾವಿರುವ ಊರಿನ ಉಪ ನೋಂದಣಾಧಿಕಾರಿಯ ಮುಂದೆ ಅಧಿಕಾರ ಪತ್ರ ಮಾಡಿ, ಅದನ್ನು ದೃಢೀಕರಿಸಿ ಕಳಿಸಬಹುದು. ಪತ್ರದಲ್ಲಿ ಈ ಮನೆಯ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಬೆಲೆ, ಮಾರಲು ಒಪ್ಪಿಗೆ ಎಲ್ಲಾ ಬಿಡಿಸಿ ಬರೆದಿರಲಿ. ಆದರೂ ಸಾಧ್ಯವಿದ್ದರೆ ಅವರೇ ಬಂದು ಸಹಿ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಆಳಂದ_ದುಬೈ:
ನಮ್ಮ ಕಡಿ ಒಬ್ಬರಲ್ಲ ಒಬ್ಬರು ವಾರಸುದಾರರು ಗಲ್ಫ್‌ನಾಗ ಇರ್ತಾರ, ಅದಕ್ಕ ಇದನ್ನ ಸೇರಸ್ತೀನಿ. ಅಲ್ಲಿನ ಭಾರತೀಯ ದೂತಾವಾಸದಾಗ ಅಧಿಕಾರ ಪತ್ರ ದೃಢೀಕರಿಸಿ ಕಳಿಸಬೇಕು. ಇಲ್ಲಿ ಬಂದು ಮುಟ್ಟಿದ ಮೂರು ತಿಂಗಳೊಳಗ ಅದಕ್ಕ ಮುದ್ರಾಂಕ ಹಚ್ಚಿಸಬೇಕು. ಕಾಗದ ಬಂತಂತ ಪೆಟ್ಟಿಗ್ಯಾಗ ಇಟ್ಟು ಅವಧಿ ಮೀರಿಸಿಕೊಂಡವರು ಭಾಳ ಮಂದಿ ಇದ್ದಾರ. ಮುಸ್ಲಿಂ ಮನೆತನದಾಗ ಪಾಲಿನ ಲೆಕ್ಕ ಬ್ಯಾರೆ ಇರ್ತದ, ಆದ್ರ ವಾರಸುದಾರರೆಲ್ಲರ ಸಹಿ ಬೇಕು ಅನ್ನೋದು ಅಲ್ಲೂ ಅಷ್ಟೇ. ಮಾರುವವರು ಅನಿವಾಸಿ ಆಗಿದ್ರ ಕೊಳ್ಳುವವರು ಹಿಡಿಯೋ ಟಿಡಿಎಸ್ (ಹಣ ಕೊಡುವಾಗಲೇ ಮುರಿಯೋ ಆದಾಯ ತೆರಿಗಿ) ಕೂಡ ಬ್ಯಾರೆ, ಶೇ 1 ಅಂತ ತಿಳಕೊಂಡು ಮೋಸ ಹೋಗಬ್ಯಾಡ್ರಿ. ಲೆಕ್ಕಪರಿಶೋಧಕರನ್ನ ಕೇಳ್ರಿ.

ಭೀಮಾ_ತೀರ_ಯಾದಗಿರಿ:
ನಡುವ ಒಂದು ಪ್ರಶ್ನೆ. ನಾನು ಬಿಲ್ಡರ್ ಕಡಿಂದ ಫ್ಲಾಟ್ ತೊಗೊಂಡೀನಿ, ಅವರೂ ಹಿಂಗೇ ಮುಂದ ಹಾಕ್ಲಿಕತ್ತಾರ. ನನಗೂ ಇದೇ ದಾರಿಯೇನ್ರಿ?

ಕೋರ್ಟ್_ರಸ್ತೆ:
ಅಲ್ಲ. ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದೆಯೇ ನೋಡಿ. ಕರಾರಿನ ತಾರೀಕಿಗೆ ಕಬ್ಜಾ ಕೊಡದಿದ್ದರೆ ರೇರಾ ಕಾಯ್ದೆಯ 18ನೇ ಕಲಮಿನಂತೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು, ಅಥವಾ ಫ್ಲಾಟ್ ಉಳಿಸಿಕೊಂಡು ತಡವಾದ ತಿಂಗಳುಗಳಿಗೆ ಬಡ್ಡಿ ಕೇಳಬಹುದು. ದೂರನ್ನು ಕರ್ನಾಟಕ ರೇರಾ ಪೋರ್ಟಲ್‌ನಲ್ಲಿಯೇ ಕೊಡಲು ಬರುತ್ತದೆ. ಬೇರೆ ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.

ತೊಗರಿ_ಕಣಜ:
ಸೇಡಂ ರಸ್ತೆಯವರೇ, ಈಗ ಖರೇ ಕಾರಣ ಗೊತ್ತಾತು. ಹಳೇ ಕರಾರು ಹಿಡಕೊಂಡು ಕೂಡಬ್ಯಾಡ್ರಿ, ಪೂರಕ ಕರಾರು ಮಾಡಿಕೊಳ್ರಿ. ನಾವು ಮಾಡಿಸಿದ್ದರ ಮುಖ್ಯ ಸಾಲುಗಳು ಹಿಂಗಿದ್ದು:

"ಬ್ಯಾಂಕಿನ ಬಾಕಿ ಪತ್ರವನ್ನು ಇಂಥ ತಾರೀಕಿನೊಳಗೆ ತರತಕ್ಕದ್ದು. ಇ-ಖಾತಾ ಇಂಥ ತಾರೀಕಿನೊಳಗೆ ಮಾಡಿಸತಕ್ಕದ್ದು. ಎಲ್ಲಾ ವಾರಸುದಾರರೂ ಖರೀದಿ ಪತ್ರಕ್ಕೆ ಸಹಿ ಮಾಡತಕ್ಕದ್ದು. ಇಂಥ ತಾರೀಕು ಮೀರಿದಲ್ಲಿ ಅಂದಿನಿಂದ ಖರೀದಿದಾರರು ಕಟ್ಟುವ ಮನೆ ಬಾಡಿಗೆಯನ್ನೂ, ಶುಲ್ಕ ಏರಿದಲ್ಲಿ ಏರಿದ ಮೊತ್ತವನ್ನೂ ಬಾಕಿ ಹಣದಲ್ಲಿ ಮುರಿದುಕೊಳ್ಳತಕ್ಕದ್ದು."

ಒಂದೇ ಕಡೀ ತಾರೀಕು ಬರಕೋಬ್ಯಾಡ್ರಿ, ಕೆಲಸಕ್ಕೊಂದು ತಾರೀಕು ಇರಲಿ. ಎಲ್ಲಿ ನಿಂತದ ಅಂತ ಲಗೂನ ಗೊತ್ತಾಗ್ತದ. ತಾಯಿ, ತಂಗಿ ಇಬ್ಬರದೂ ಸಹಿ ಇದಕ್ಕೂ ಬೇಕು. ಖರ್ಚು ಹತ್ತಿದ್ರೂ ಇದನ್ನ ನೋಂದಣಿ ಮಾಡಸ್ರಿ. ಋಣಭಾರ ಪತ್ರದಾಗ ನಿಮ್ಮ ಹೆಸರು ಬಂತಂದ್ರ, ಬ್ಯಾರೆ ಯಾರರೆ ಕೊಳ್ಳಲಿಕ್ಕ ಬಂದವರು ತಾವೇ ಹಿಂದ ಸರೀತಾರ.

ಶಹಾಬಾದ್_ಫರ್ಶಿ:
ಬಾಡಿಗಿ ಮುರಕೊಳ್ಳೋ ಸಾಲು ಛಲೋ ಅದ. ಕಾರಣ ಗೊತ್ತಾದ ಮ್ಯಾಲ ನಾನೂ ಕಾಯ್ರಿ ಅಂತೇ ಅಂತೀನಿ. ಆದ್ರ ಹೆಚ್ಚಿನ ಇಸಾರ ಕೇಳಿದ್ರ ಈಗ ಒಂದು ಪೈಸಾ ಕೊಡಬ್ಯಾಡ್ರಿ.

ಬೀದರ್_ನೌಬಾದ್:
ರಜಿಸ್ಟ್ರಿ ದಿನ ಸರ್ವರ್ ಕೈ ಕೊಟ್ರ ಗಾಬರಿ ಆಗಬ್ಯಾಡ್ರಿ. 2025ರ ಶುರುವಿನಾಗ ಕಾವೇರಿ ತಂತ್ರಾಂಶದ ಮ್ಯಾಲ ದಾಳಿ ಆಗಿ ರಾಜ್ಯದ ತುಂಬೆಲ್ಲ ನೋಂದಣಿ ನಿಂತಿತ್ತು. 2024ರ ಸೆಪ್ಟೆಂಬರಿಂದ ಜಿಲ್ಲಾದೊಳಗಿನ ಯಾವ ಉಪ ನೋಂದಣಿ ಕಚೇರಿದಾಗಾದ್ರೂ ಮಾಡಸಬಹುದು. ಕಲಬುರಗಿದಾಗ ಸ್ಲಾಟ್ ಸಿಗಲಿಲ್ಲಂದ್ರ ಚಿತ್ತಾಪುರ, ಆಳಂದ, ಸೇಡಂ ನೋಡ್ರಿ. ತಾಯಿಯವರ ಸಲುವಾಗಿ ಅಧಿಕಾರಿ ಮನಿಗೆ ಬರಬೇಕಾದ್ರ ಮಾತ್ರ ನಿಮ್ಮ ಊರಿನ ಕಚೇರಿದಾಗೇ ಮೊದಲ ಕೇಳ್ರಿ.

ಸೇಡಂ_ರಸ್ತೆ:
ಪೂರಕ ಕರಾರು ನೋಂದಣಿ ಆತು. ತಂಗಿ ತಾವೇ ರೈಲು ಹತ್ತಿ ಬಂದ್ರು. ಅವರಿಗೆ ಮನಿ ಮಾರಾಟದ್ದು ಗೊತ್ತಿತ್ತು, ತಮ್ಮ ಪಾಲು ಎಷ್ಟು ಬರ್ತದ ಅಂತ ಅಣ್ಣ ಬಾಯಿಬಿಟ್ಟು ಹೇಳಿರಲಿಲ್ಲ. ಅದೂ ನಮ್ಮೆದುರಿಗೇ ಇತ್ಯರ್ಥ ಆತು: ಮೂವರಿಗೂ ಬ್ಯಾರೆ ಬ್ಯಾರೆ ಡಿಡಿ ಕೊಡಬೇಕು, ತಾಯಿಯವರದು ಅವರ ಖಾತೆಗೇ ಹೋಗಬೇಕು ಅಂತ ಬರಸೀವಿ. ತಾಯಿಯವರು ಮಗಳ ಜೋಡಿ ಪುಣೆಕ್ಕ ಹೋಗ್ತಾರಂತ. ಬ್ಯಾಂಕಿನ ಬಾಕಿ ಪತ್ರ ಬಂದದ, ನಮ್ಮ ಮಂಜೂರಾತಿ ವಿಸ್ತರಣಿ ಆಗ್ಯದ. ಬಾಡಿಗಿ ಮನಿಯವರಿಗೆ ಕರಾರಿನ ಪ್ರತಿ ತೋರಿಸಿದ್ದಕ್ಕ ಇನ್ನೂ ಸ್ವಲ್ಪ ದಿನ ಇರ್ರಿ ಅಂದಾರ. ಇ-ಖಾತಾ ಒಂದು ಬಾಕಿ ಅದ, ಅರ್ಜಿ ಹಾಕಿದ ಸ್ವೀಕೃತಿ ಸಂಖ್ಯೆ ನನ್ನ ಕೈಯಾಗೂ ಒಂದು ಪ್ರತಿ ಇಟ್ಟುಕೊಂಡೀನಿ. ಹಣ ಕೊಡೋ ಮುಂಚೆ ಮತ್ತೇನರೆ ನೋಡಬೇಕಾ?

ತೊಗರಿ_ಕಣಜ:
ಜೆಸ್ಕಾಂ ಕರೆಂಟ್ ಬಿಲ್ ಬಾಕಿ, ನೀರಿನ ಬಾಕಿ, ಪಾಲಿಕೆ ತೆರಿಗಿ ರಸೀದಿ ಮೂರೂ ತೊಗೊಳ್ರಿ. ರಜಿಸ್ಟ್ರಿ ಮುಂಜಾನೆ ಇನ್ನೊಮ್ಮೆ ಋಣಭಾರ ಪತ್ರ ನೋಡ್ರಿ. ಕಬ್ಜಾ ತೊಗೊಳ್ಳೋ ಹೊತ್ತಿಗೆ ಮನಿ ಖಾಲಿ ಇರಬೇಕು, ಕೀಲಿ ಕೈಗೆ ಬಂದ ಮ್ಯಾಲೇ ಕಡೀ ಡಿಡಿ ಕೊಡ್ರಿ. ಮೀಟರ್ ರೀಡಿಂಗಿನ ಫೋಟೋ ಅವತ್ತೇ ತಕ್ಕೊಂಡು, ಅವರಿಗೂ ಒಂದು ಕಳಸ್ರಿ.